‘ಸೇವ್ ಆಗಿದೆ’ ಎಂಬ ಮಾತನ್ನು ಎಷ್ಟು ನಂಬಬೇಕು?

*ನಮ್ಮ ಉತಾರ, ಕೂಲಿ, ಕಬ್ಬಿನ ಬಿಲ್ಲು ಎಲ್ಲವೂ ಈಗ ಯಾವುದೋ ಸರ್ವರ್‌ನಲ್ಲಿವೆ. ಅಲ್ಲಿ ತಪ್ಪಾದಾಗ ಆ ಸುದ್ದಿ ಯಾರಿಗೆ ಮುಟ್ಟುತ್ತದೆ? ಫೈಲ್ ಸಿಸ್ಟಂನ ಒಳಗಿನ ಒಂದು ಹಳೆಯ ದೋಷ ಈ ಪ್ರಶ್ನೆಗೆ ಕೊಟ್ಟ ಉತ್ತರ ಎಲ್ಲರಿಗೂ ತಿಳಿದಿರಬೇಕು.*

ಮುಧೋಳ, ಜಮಖಂಡಿ, ಬೀಳಗಿ ಕಡೆಯ ಕಬ್ಬು ಬೆಳೆಗಾರರಿಗೆ ಒಂದು ಸಂಗತಿಯನ್ನು ಯಾರೂ ಕಲಿಸಿಕೊಡಬೇಕಿಲ್ಲ: ತೂಕದ ಚೀಟಿ ಬೇರೆ, ಬಿಲ್ಲಿನ ದುಡ್ಡು ಬೇರೆ. ಕಾರ್ಖಾನೆಯ ಕಾಟಾದ ಮೇಲೆ ಟ್ರ್ಯಾಕ್ಟರ್ ಹತ್ತಿ ಇಳಿದರೆ ಚೀಟಿ ಕೈಗೆ ಬರುತ್ತದೆ. ದುಡ್ಡು ಬರೋದು ಆಮೇಲೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಪೂರೈಸಿದ 14 ದಿನದೊಳಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ.15ರಂತೆ ಬಡ್ಡಿ ಸೇರಿಸಬೇಕು. ಚೀಟಿಗೂ ದುಡ್ಡಿಗೂ ನಡುವಿನ ಈ ಅಂತರದಲ್ಲೇ ನಮ್ಮ ಭಾಗದ ಎಷ್ಟೋ ಹೋರಾಟಗಳು ಹುಟ್ಟಿವೆ.

ಕಂಪ್ಯೂಟರ್ ಒಳಗೂ ಇಂಥದ್ದೇ ಒಂದು ಅಂತರ ಇದೆ. ನೀವು ಏನನ್ನೋ ಟೈಪ್ ಮಾಡಿ ‘ಸೇವ್’ ಒತ್ತುತ್ತೀರಿ. ‘ಆಯ್ತು’ ಅಂತ ಉತ್ತರ ಬರುತ್ತದೆ. ಆದರೆ ಆ ಕ್ಷಣದಲ್ಲಿ ನಿಮ್ಮ ಕೈಗೆ ಬಂದಿರುವುದು ಚೀಟಿ ಮಾತ್ರ. ಡೇಟಾ ಇನ್ನೂ ಡಿಸ್ಕ್ ಮುಟ್ಟಿಲ್ಲ. ಮುಟ್ಟುವ ದಾರಿಯಲ್ಲಿ ಏನಾದರೂ ಎಡವಟ್ಟಾದರೆ ಅದನ್ನು ಯಾರಿಗೆ ಹೇಳಬೇಕು ಅನ್ನೋದನ್ನು ಜಗತ್ತಿನ ಬಹುಪಾಲು ಸರ್ವರ್‌ಗಳನ್ನು ನಡೆಸುವ ಲಿನಕ್ಸ್ ಸರಿಯಾಗಿ ತೀರ್ಮಾನಿಸಿದ್ದು ತೀರಾ ಇತ್ತೀಚೆಗೆ, 2017-18ರಲ್ಲಿ.

ರನ್ನ ಬೆಳಗಲಿಯಿಂದ ಹೊರಟು ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದ ನನಗೆ ಇದು ಬರೀ ಎಂಜಿನಿಯರ್‌ಗಳ ಜಗಳವಾಗಿ ಕಾಣುವುದಿಲ್ಲ. ಹಾಗಾಗಿ ಮೊದಲು ತಾಂತ್ರಿಕ ಕಥೆಯನ್ನು ಬಿಡಿಸಿ ಹೇಳಿ, ಆಮೇಲೆ ರಾಜಕೀಯಕ್ಕೆ ಬರುತ್ತೇನೆ.

ಡಿಸ್ಕ್‌ಗೆ ಬರೆಯುವ ಮುನ್ನ ಒಂದು ತಂಗುದಾಣ

ಡಿಸ್ಕ್ ನಿಧಾನ, ಮೆಮೊರಿ ವೇಗ. ಪ್ರತಿ ಅಕ್ಷರವನ್ನೂ ಡಿಸ್ಕ್‌ಗೆ ಬರೆದ ಮೇಲೆಯೇ ‘ಆಯ್ತು’ ಅನ್ನಬೇಕೆಂದರೆ ಯಾವ ಕಂಪ್ಯೂಟರೂ ತೆವಳುತ್ತದೆ. ಅದಕ್ಕೇ ಆಪರೇಟಿಂಗ್ ಸಿಸ್ಟಂ ಮೆಮೊರಿಯಲ್ಲಿ ಒಂದಷ್ಟು ಜಾಗವನ್ನು ತಂಗುದಾಣದ ಹಾಗೆ ಬಳಸುತ್ತದೆ. ಇದರ ಹೆಸರು ಪೇಜ್ ಕ್ಯಾಶ್. ಪ್ರೋಗ್ರಾಂ ‘ರೈಟ್’ ಎಂದು ಕೇಳಿದಾಗ ಕರ್ನಲ್ ಆ ಡೇಟಾವನ್ನು ಕ್ಯಾಶ್‌ನ ಪುಟಗಳಿಗೆ ನಕಲು ಮಾಡಿ, ಆ ಪುಟಗಳಿಗೆ ‘ಡರ್ಟಿ’ ಎಂದು ಗುರುತು ಹಾಕುತ್ತದೆ. ಇದು ಹೊಸದು, ಡಿಸ್ಕ್‌ಗೆ ಇನ್ನೂ ಹೋಗಿಲ್ಲ ಅಂತ ಅರ್ಥ. ಅಷ್ಟಾದರೆ ಸಾಕು, ಪ್ರೋಗ್ರಾಂಗೆ ‘ಯಶಸ್ವಿ’ ಅನ್ನೋ ಉತ್ತರ ಹೋಗುತ್ತದೆ.

ನಿಜವಾಗಿ ಬರೆಯುವ ಕೆಲಸ ಹಿನ್ನೆಲೆಯಲ್ಲಿ ನಡೆಯುತ್ತದೆ. ಲಿನಕ್ಸ್‌ನ ಸಾಮಾನ್ಯ ಸೆಟ್ಟಿಂಗ್ ಪ್ರಕಾರ ಕರ್ನಲ್‌ನ ಕೆಲಸಗಾರ ಥ್ರೆಡ್‌ಗಳು 5 ಸೆಕೆಂಡಿಗೊಮ್ಮೆ ಎದ್ದು, 30 ಸೆಕೆಂಡಿಗಿಂತ ಹಳೆಯದಾದ ಡರ್ಟಿ ಪುಟಗಳನ್ನು ಡಿಸ್ಕ್‌ಗೆ ಕಳಿಸುತ್ತವೆ. ಅಂದ್ರೆ ಕರೆಂಟ್ ಹೋದರೆ ಸುಮಾರು ಅರ್ಧ ನಿಮಿಷದ ಕೆಲಸ ಮಾಯವಾಗಬಹುದು. ಇನ್ವರ್ಟರ್ ಇಲ್ಲದ ಊರುಗಳಲ್ಲಿ ಬೆಳೆದವರಿಗೆ ಇದು ಗೊತ್ತಿರುವ ಸಂಗತಿ.

ಇಷ್ಟು ಅಪಾಯ ಬೇಡ ಅನ್ನುವ ಪ್ರೋಗ್ರಾಂಗಳಿಗೆ ಒಂದು ದಾರಿ ಇದೆ. ‘ಎಫ್‌ಸಿಂಕ್’ ಎಂಬ ಕರೆ. ‘ಈ ಫೈಲಿನ ಡರ್ಟಿ ಪುಟಗಳನ್ನೆಲ್ಲ ಈಗಲೇ ಡಿಸ್ಕ್‌ಗೆ ಬರೆ, ಬರೆದಾದ ಮೇಲೆ ಮಾತ್ರ ಉತ್ತರ ಕೊಡು’ ಅನ್ನುವ ಕೋರಿಕೆ ಅದು. ಬ್ಯಾಂಕಿನ ಡೇಟಾಬೇಸ್ ಇರಲಿ, ಭೂದಾಖಲೆಯ ಡೇಟಾಬೇಸ್ ಇರಲಿ, ‘ವ್ಯವಹಾರ ಪೂರ್ಣಗೊಂಡಿದೆ’ ಅಂತ ಹೇಳುವ ಧೈರ್ಯ ಬರುವುದು ಇಂಥ ಒಂದು ಖಾತ್ರಿಯಿಂದ. ಕಬ್ಬಿನ ಭಾಷೆಯಲ್ಲಿ ಹೇಳುವುದಾದರೆ, ಚೀಟಿ ಹಿಡಿದು ಮನೆಗೆ ಹೋಗದೆ, ಖಾತೆಗೆ ದುಡ್ಡು ಬಿದ್ದಿದ್ದನ್ನು ಪಾಸ್‌ಬುಕ್‌ನಲ್ಲಿ ಮುದ್ರಿಸಿಕೊಂಡು ಬರುವುದು.

ತಪ್ಪು ಬಂದಾಗ ಮನೆಯಲ್ಲಿ ಯಾರೂ ಇಲ್ಲ

ಈಗ ಅಸಲಿ ಸಮಸ್ಯೆಗೆ ಬರೋಣ. ಕೆಲಸಗಾರ ಥ್ರೆಡ್ ಒಂದು ಪುಟವನ್ನು ಡಿಸ್ಕ್‌ಗೆ ಕಳಿಸಿತು. ಡಿಸ್ಕ್‌ನ ಆ ಭಾಗ ಕೆಟ್ಟಿದೆ, ಅಥವಾ ನೆಟ್‌ವರ್ಕ್ ಮೂಲಕ ಜೋಡಿಸಿದ ಸ್ಟೋರೇಜ್ ಒಂದು ಕ್ಷಣ ಕಡಿದುಹೋಗಿದೆ. ‘ಬರೆಯಲಾಗಲಿಲ್ಲ’ ಅನ್ನೋ ಎರರ್ ಬಂತು. ಇದನ್ನು ಯಾರಿಗೆ ಹೇಳುವುದು? ‘ರೈಟ್’ ಕೇಳಿದ ಪ್ರೋಗ್ರಾಂ ‘ಯಶಸ್ವಿ’ ಅನ್ನೋ ಉತ್ತರ ತಗೊಂಡು ಯಾವಾಗಲೋ ಮುಂದೆ ಹೋಗಿದೆ. ಫೈಲ್ ಮುಚ್ಚಿರಬಹುದು, ಪ್ರೋಗ್ರಾಮೇ ಮುಗಿದಿರಬಹುದು. ಕ್ಯಾಶ್ ಇಲ್ಲದಿದ್ದರೆ ತಪ್ಪು ಮತ್ತು ಕೇಳಿದವರು ಒಂದೇ ಜಾಗದಲ್ಲಿ ಸಿಗುತ್ತಿದ್ದರು. ಕ್ಯಾಶ್ ಅವರಿಬ್ಬರನ್ನೂ ಬೇರೆ ಮಾಡಿಬಿಟ್ಟಿದೆ.

ಹಳೆಯ ಲಿನಕ್ಸ್ ಇದಕ್ಕೊಂದು ಸರಳ ಉಪಾಯ ಮಾಡಿತ್ತು. ಆ ಫೈಲಿಗೆ ಸಂಬಂಧಿಸಿದಂತೆ ‘ಎರರ್ ಆಗಿದೆ’ ಅಂತ ಒಂದು ಬಾವುಟ ಏರಿಸಿಡುವುದು. ಮುಂದೆ ಯಾರಾದರೂ ಎಫ್‌ಸಿಂಕ್ ಮಾಡಿದಾಗ ಅವರಿಗೆ ಎರರ್ ಹೇಳಿ ಬಾವುಟ ಇಳಿಸುವುದು. ಕೇಳೋಕೆ ಚೆನ್ನಾಗೇ ಇದೆ. ಆದರೆ ಇದರಲ್ಲಿ ಎರಡು ತೂತುಗಳಿದ್ದವು.

ಮೊದಲನೆಯದು, ಬಾವುಟ ಒಂದೇ, ಕೇಳುವವರು ಹಲವರು. ಒಂದೇ ಫೈಲನ್ನು ಮೂರು ಪ್ರೋಗ್ರಾಂಗಳು ತೆರೆದಿದ್ದರೆ ಮೊದಲು ಕೇಳಿದವರಿಗೆ ಮಾತ್ರ ಎರರ್ ಸಿಗುತ್ತದೆ. ಉಳಿದಿಬ್ಬರಿಗೆ ‘ಎಲ್ಲಾ ಸರಿ ಇದೆ’. ಬರೆದದ್ದು ನೀವು, ಎರರ್ ಹೋಗಿದ್ದು ಪಕ್ಕದವರಿಗೆ. ಅವರು ಅದನ್ನು ಗಂಭೀರವಾಗಿ ತೆಗೆದುಕೊಳ್ಳದಿದ್ದರೆ ನಿಮಗೆ ಗೊತ್ತಾಗುವ ದಾರಿಯೇ ಇಲ್ಲ.

ಎರಡನೆಯದು ಇನ್ನೂ ಕೆಟ್ಟದ್ದು. ಬರೆಯಲು ಆಗದಿದ್ದ ಪುಟವನ್ನು ಲಿನಕ್ಸ್ ‘ಕ್ಲೀನ್’ ಅಂತ ಗುರುತು ಮಾಡುತ್ತಿತ್ತು. ಡಿಸ್ಕ್ ತಲುಪಿಲ್ಲ, ಆದರೂ ಡರ್ಟಿ ಪಟ್ಟಿಯಿಂದ ಹೆಸರು ಹೊಡೆದಾಯ್ತು. ಎಫ್‌ಸಿಂಕ್ ಒಮ್ಮೆ ವಿಫಲವಾಯಿತು ಅಂತ ಪ್ರೋಗ್ರಾಂ ಮತ್ತೊಮ್ಮೆ ಪ್ರಯತ್ನಿಸಿದರೆ? ಬರೆಯಬೇಕಾದ ಡರ್ಟಿ ಪುಟವೇ ಇಲ್ಲ, ಬಾವುಟವೂ ಇಳಿದಿದೆ. ಉತ್ತರ: ‘ಯಶಸ್ವಿ’.

ಕಾರ್ಖಾನೆಯ ಕಚೇರಿಯಲ್ಲಿ ಇದು ನಡೆದಿದ್ದರೆ ಹೇಗಿರುತ್ತಿತ್ತು ಅಂತ ಊಹಿಸಿ. ಬ್ಯಾಂಕು ನಿಮ್ಮ ಬಿಲ್ಲಿನ ಹಣವನ್ನು ವಾಪಸ್ ಕಳಿಸಿದೆ. ಗುಮಾಸ್ತ ರಿಜಿಸ್ಟರ್‌ನಲ್ಲಿ ನಿಮ್ಮ ಹೆಸರಿನ ಮುಂದಿನ ಬಾಕಿ ಹೊಡೆದು ಹಾಕಿದ್ದಾನೆ, ಯಾಕಂದ್ರೆ ಅವನು ಕಳಿಸಿಯಾಗಿದೆ. ವಿಷಯವನ್ನು ಮೊದಲು ಬಂದ ನಿಮ್ಮ ಪಕ್ಕದ ಹೊಲದವರಿಗೆ ಹೇಳಿದ್ದಾನೆ. ಆಮೇಲೆ ನೀವು ಹೋಗಿ ಕೇಳಿದರೆ, “ನಿಮ್ಮದೇನೂ ಬಾಕಿ ಇಲ್ಲರಿ, ಎಲ್ಲಾ ಕ್ಲಿಯರ್ ಐತಿ” ಅನ್ನುತ್ತಾನೆ. ಅವನ ಪುಸ್ತಕದ ಪ್ರಕಾರ ಅವನು ಹೇಳಿದ್ದು ಸರಿ.

ಇನ್ನೊಂದು ವಿಚಿತ್ರ ಇದೆ. ಬಹಳ ಬಳಕೆಯಲ್ಲಿರುವ ಇಎಕ್ಸ್‌ಟಿ4 ಫೈಲ್ ಸಿಸ್ಟಂನಲ್ಲಿ ಹೀಗಾದ ಮೇಲೆ ಫೈಲನ್ನು ತೆರೆದು ಓದಿದರೂ ಹೊಸ ಮಾಹಿತಿಯೇ ಕಾಣಬಹುದು. ಯಾಕಂದ್ರೆ ಓದಿದ್ದು ಮೆಮೊರಿಯ ಪ್ರತಿಯನ್ನು. ಮೆಮೊರಿಯಿಂದ ಆ ಪುಟ ಹೊರಬಿದ್ದ ಮೇಲೆ, ಅಥವಾ ಯಂತ್ರ ರೀಸ್ಟಾರ್ಟ್ ಆದ ಮೇಲೆ ಹಳೆಯದು ಎದ್ದು ಕೂರುತ್ತದೆ. ಪರೀಕ್ಷೆ ಮಾಡಿ ನೋಡಿದವರಿಗೂ ಮೋಸ.

2018: ಒಂದು ಡೇಟಾಬೇಸ್‌ನ ಇಪ್ಪತ್ತು ವರ್ಷದ ನಂಬಿಕೆ

ಈ ದೋಷ ದೊಡ್ಡ ಮಟ್ಟದಲ್ಲಿ ಚರ್ಚೆಗೆ ಬಂದಿದ್ದು ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್‌ನಿಂದ. ಸರ್ಕಾರಿ ಕಚೇರಿಗಳಿಂದ ಹಿಡಿದು ಸ್ಟಾರ್ಟಪ್‌ಗಳವರೆಗೆ ಬಳಕೆಯಲ್ಲಿರುವ, ಯಾರು ಬೇಕಾದರೂ ಕೋಡ್ ಓದಬಹುದಾದ ಮುಕ್ತ ತಂತ್ರಾಂಶ ಅದು. 2018ರ ಮಾರ್ಚ್‌ನಲ್ಲಿ ಕ್ರೇಗ್ ರಿಂಗರ್ ಎಂಬ ಡೆವಲಪರ್, ಸ್ಟೋರೇಜ್ ಎರರ್ ನಂತರ ಒಬ್ಬ ಬಳಕೆದಾರರ ಡೇಟಾ ಹಾಳಾದ ಪ್ರಕರಣವನ್ನು ಬೆನ್ನಟ್ಟಿ ತಮ್ಮ ತಂಡದ ಮುಂದಿಟ್ಟರು.

ಪೋಸ್ಟ್‌ಗ್ರೆಸ್ ನಡೆಯುತ್ತಿದ್ದುದು ಹೀಗೆ. ಪ್ರತಿ ಬದಲಾವಣೆಯನ್ನೂ ಮೊದಲು ಒಂದು ಲಾಗ್‌ನಲ್ಲಿ ಬರೆದುಕೊಳ್ಳುತ್ತದೆ. ಮುಖ್ಯ ಫೈಲುಗಳಿಗೆ ಅದನ್ನು ಆಮೇಲೆ ಇಳಿಸುತ್ತದೆ. ಆಗಾಗ ‘ಚೆಕ್‌ಪಾಯಿಂಟ್’ ಮಾಡಿ, ಮುಖ್ಯ ಫೈಲುಗಳ ಮೇಲೆ ಎಫ್‌ಸಿಂಕ್ ಕರೆದು, ಎಲ್ಲವೂ ಡಿಸ್ಕ್ ಸೇರಿದೆ ಅಂತ ಖಾತ್ರಿಯಾದ ಮೇಲೆ ಲಾಗ್‌ನ ಹಳೆಯ ಭಾಗವನ್ನು ಬಿಟ್ಟುಬಿಡುತ್ತದೆ. ಎಫ್‌ಸಿಂಕ್ ವಿಫಲವಾದರೆ ಚೆಕ್‌ಪಾಯಿಂಟ್ ರದ್ದು ಮಾಡಿ ಮತ್ತೆ ಪ್ರಯತ್ನಿಸುತ್ತಿತ್ತು. ಎರಡನೇ ಸಲ ‘ಯಶಸ್ವಿ’ ಅಂದರೆ ನೆಮ್ಮದಿ, ಲಾಗ್ ಅಳಿಸಿಬಿಡುತ್ತಿತ್ತು. ಆದರೆ ಆ ಎರಡನೇ ‘ಯಶಸ್ವಿ’ ಪೊಳ್ಳು. ಮುಖ್ಯ ಫೈಲಿನಲ್ಲಿ ಡೇಟಾ ಇಲ್ಲ, ಅದನ್ನು ಮರಳಿ ಕಟ್ಟಲು ಬೇಕಿದ್ದ ಲಾಗ್ ಕೂಡ ಇಲ್ಲ. ಸುಮಾರು ಎರಡು ದಶಕ ಆ ತಂಡ ನಂಬಿಕೊಂಡಿದ್ದ ನಡೆ ಅದು.

ಕರ್ನಲ್ ಬರೆಯುವವರ ಕಡೆಯಿಂದಲೂ ವಾದ ಬಂತು, ಅದರಲ್ಲೂ ಹುರುಳಿತ್ತು. ಬರೆಯಲಾಗದ ಪುಟಗಳನ್ನು ಡರ್ಟಿಯಾಗಿಯೇ ಇಟ್ಟುಕೊಂಡರೆ ಏನಾಗುತ್ತದೆ? ಜಗತ್ತಿನಲ್ಲಿ ಅತಿ ಹೆಚ್ಚು ರೈಟ್ ಎರರ್ ಬರುವುದು ಯಾರೋ ಪೆನ್‌ಡ್ರೈವನ್ನು ನಡುವೆಯೇ ಕಿತ್ತುಕೊಂಡಾಗ. ಆ ಡ್ರೈವ್ ಮತ್ತೆ ಬರುವುದೇ ಇಲ್ಲ. ಅದಕ್ಕಾಗಿ ಕಾದ ಪುಟಗಳು ಮೆಮೊರಿಯಲ್ಲಿ ತುಂಬಿ ತುಂಬಿ ಇಡೀ ಯಂತ್ರವೇ ನಿಂತುಹೋಗುತ್ತದೆ. ಹೀಗಾಗಿ ಕೈಬಿಡುವುದೇ ಮೇಲು ಅಂತ ಅವರು ತೀರ್ಮಾನಿಸಿದ್ದರು. ಫ್ರೀಬಿಎಸ್‌ಡಿ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಂ ಬೇರೆ ದಾರಿ ಹಿಡಿದಿತ್ತು. ಅಲ್ಲಿ ವಿಫಲವಾದ ಪುಟ ಡರ್ಟಿಯಾಗಿಯೇ ಉಳಿಯುತ್ತದೆ, ಮರುಪ್ರಯತ್ನಕ್ಕೆ ಅರ್ಥವಿದೆ. ಅಂದ್ರೆ ಇದು ಪ್ರಕೃತಿ ನಿಯಮವೇನಲ್ಲ. ಯಾರೋ ಕೂತು ಮಾಡಿದ ಆಯ್ಕೆ. ಪೆನ್‌ಡ್ರೈವ್ ಕಿತ್ತವರ ಅನುಕೂಲ ನೋಡಿ ಮಾಡಿದ ಆಯ್ಕೆಯ ಬೆಲೆಯನ್ನು ಡೇಟಾಬೇಸ್ ನಡೆಸುವವರು ತೆತ್ತರು, ಅವರಿಗೆ ಅದು ಗೊತ್ತೂ ಇರಲಿಲ್ಲ.

ಎರಡು ಕಡೆ ರಿಪೇರಿ

ರಿಪೇರಿ ಎರಡೂ ಕಡೆ ನಡೆಯಿತು. ಲಿನಕ್ಸ್ ಕಡೆಯಲ್ಲಿ ಜೆಫ್ ಲೇಟನ್ ಎಂಬವರು ಒಂದೇ ಬಾವುಟದ ಜಾಗಕ್ಕೆ ಬೇರೆಯೇ ವ್ಯವಸ್ಥೆ ತಂದಿದ್ದರು. 2017ರ ಸೆಪ್ಟೆಂಬರ್‌ನಲ್ಲಿ ಬಂದ ಲಿನಕ್ಸ್ 4.13ರಿಂದ ಅದು ಜಾರಿಗೆ ಬಂತು. ಇದರಲ್ಲಿ ಪ್ರತಿ ಫೈಲಿಗೂ ಎರರ್‌ಗಳ ಒಂದು ಎಣಿಕೆ ಇರುತ್ತದೆ. ಫೈಲನ್ನು ತೆರೆದ ಪ್ರತಿಯೊಬ್ಬರ ಹತ್ತಿರವೂ ‘ನಾನು ಕೊನೆಗೆ ನೋಡಿದ್ದು ಇಷ್ಟನೇ ಎಣಿಕೆ’ ಅನ್ನೋ ಗುರುತು ಇರುತ್ತದೆ. ಎಫ್‌ಸಿಂಕ್ ಕರೆದಾಗ ಎರಡನ್ನೂ ಹೋಲಿಸಲಾಗುತ್ತದೆ. ಎಣಿಕೆ ಮುಂದೆ ಹೋಗಿದ್ದರೆ ನಿಮಗೆ ಎರರ್ ಸಿಗುತ್ತದೆ. ಪಕ್ಕದವರು ಮೊದಲೇ ಕೇಳಿದ್ದರೂ ನಿಮ್ಮ ಪಾಲಿನ ಸುದ್ದಿ ನಿಮಗೆ ಬರುತ್ತದೆ. ಎರರ್ ಆದ ನಂತರ ಫೈಲ್ ತೆರೆದವರ ಸಮಸ್ಯೆ ಉಳಿದಿತ್ತು. 2018ರಲ್ಲಿ ಅದನ್ನೂ ಸರಿಪಡಿಸಿದರು: ಇನ್ನೂ ಯಾರೂ ನೋಡದ ಎರರ್ ಇದ್ದರೆ ಆಮೇಲೆ ಬಂದವರಿಗೂ ಹೇಳಬೇಕು. ಆದರೂ ಆ ಫೈಲಿನ ವಿವರವೇ ಮೆಮೊರಿಯಿಂದ ಹೊರಬಿದ್ದರೆ ಎರರ್‌ನ ನೆನಪೂ ಅದರೊಂದಿಗೆ ಹೋಗುತ್ತದೆ.

ನಮ್ಮೂರಿನವರಿಗೆ ಇದನ್ನು ವಿವರಿಸೋಕೆ ನನಗೆ ರನ್ನನೇ ಸಹಾಯಕ್ಕೆ ಬರುತ್ತಾನೆ. ‘ಗದಾಯುದ್ಧ’ದಲ್ಲಿ ಆತ ಹಿಡಿದದ್ದು ಸಿಂಹಾವಲೋಕನ ಕ್ರಮ. ಕಥೆ ನಡೆಯುವುದು ಯುದ್ಧದ ಕೊನೆಯ ದಿನ. ಆದರೆ ಹಿಂದೆ ಆದದ್ದನ್ನೆಲ್ಲ ತಿರುಗಿ ನೋಡುತ್ತಾ ಮುಂದೆ ಹೋಗುತ್ತಾನೆ. ಎಫ್‌ಸಿಂಕ್ ಕೂಡ ಹಾಗೇ ಇರಬೇಕು. ಈ ಕ್ಷಣ ಬರೆದದ್ದು ಸರಿಯಾಯಿತೇ ಅಂತ ಮಾತ್ರ ನೋಡಿದರೆ ಸಾಲದು, ಕಳೆದ ಸಲ ನಾನು ಕೇಳಿದ ಮೇಲೆ ಇಲ್ಲಿಯವರೆಗೆ ಏನೇನು ತಪ್ಪಿತು ಅಂತಲೂ ತಿರುಗಿ ನೋಡಿ ಹೇಳಬೇಕು.

ಪೋಸ್ಟ್‌ಗ್ರೆಸ್ ಕಡೆಯಲ್ಲಿ 2019ರ ಫೆಬ್ರವರಿಯಲ್ಲಿ ಬಂದ 11.2 ಆವೃತ್ತಿ ಮತ್ತು ಅದರ ಜತೆಗೆ ಬಂದ ಹಳೆಯ ಆವೃತ್ತಿಗಳ ತಿದ್ದುಪಡಿಗಳು ನಿಯಮವನ್ನೇ ಬದಲಿಸಿದವು. ಡೇಟಾ ಫೈಲಿನ ಎಫ್‌ಸಿಂಕ್ ವಿಫಲವಾದರೆ ಮರುಪ್ರಯತ್ನ ಇಲ್ಲ. ಡೇಟಾಬೇಸ್ ತನ್ನನ್ನು ತಾನೇ ನಿಲ್ಲಿಸಿಕೊಂಡು, ಮತ್ತೆ ಎದ್ದು, ಲಾಗ್ ಓದಿ ಎಲ್ಲವನ್ನೂ ಮೊದಲಿನಿಂದ ಬರೆಯುತ್ತದೆ. ಸೇವೆ ಒಂದಷ್ಟು ಹೊತ್ತು ನಿಲ್ಲುತ್ತದೆ, ನಿಜ. ಸುಳ್ಳು ಹೇಳುತ್ತಾ ಓಡುವುದಕ್ಕಿಂತ ನಿಂತು ಸತ್ಯ ಹೇಳುವುದು ಒಳ್ಳೆಯದು ಅಂತ ಅವರು ತೀರ್ಮಾನಿಸಿದರು. ನನಗೆ ಈ ಇಡೀ ಕಥೆಯಲ್ಲಿ ಬಹಳ ಇಷ್ಟವಾದ ನಿರ್ಧಾರ ಇದು.

ಇದು ಒಬ್ಬಿಬ್ಬರ ನಿರ್ಲಕ್ಷ್ಯ ಅಲ್ಲ

ಅಮೆರಿಕದ ವಿಸ್ಕಾನ್ಸಿನ್-ಮ್ಯಾಡಿಸನ್ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲೇ ಲಿನಕ್ಸ್ 2.6ರ ಎಲ್ಲ ಫೈಲ್ ಸಿಸ್ಟಂಗಳ ಮತ್ತು ಮೂರು ಪ್ರಮುಖ ಸ್ಟೋರೇಜ್ ಡ್ರೈವರ್‌ಗಳ ಕೋಡನ್ನು ಶೋಧಿಸಿದ್ದರು. ಅವರ ಪ್ರಶ್ನೆ ಸರಳ: ಕೆಳಗಿನ ಹಂತದಲ್ಲಿ ಎರರ್ ಬಂದರೆ ಮೇಲಿನವರೆಗೆ ಮುಟ್ಟುತ್ತದೆಯೇ? 1153 ಕಡೆ, ಅಂದ್ರೆ ಶೇ.13ರಷ್ಟು ಕರೆಗಳಲ್ಲಿ, ಎರರ್ ಕೋಡನ್ನು ಏನೂ ಮಾಡದೆ ಬಿಸಾಡಲಾಗಿತ್ತು. ಓದುವಾಗಿನ ಎರರ್‌ಗಳಿಗಿಂತ ಬರೆಯುವಾಗಿನ ಎರರ್‌ಗಳು ಹೆಚ್ಚು ನಿರ್ಲಕ್ಷ್ಯಕ್ಕೆ ಒಳಗಾಗಿದ್ದವು. ಹಲವೆಡೆ ಇದು ಕಣ್ತಪ್ಪಿನಂತೆ ಕಾಣದೆ, ಬೇಕೆಂದೇ ಮಾಡಿದಂತಿತ್ತು ಎಂಬುದೂ ಅವರ ಅಭಿಪ್ರಾಯವಾಗಿತ್ತು.

ಅದೇ ವಿಶ್ವವಿದ್ಯಾಲಯದ ತಂಡ 2020ರಲ್ಲಿ ಇನ್ನೊಂದು ಅಧ್ಯಯನ ಮಾಡಿತು. ಎಫ್‌ಸಿಂಕ್ ವಿಫಲವಾದ ಮೇಲೆ ಇಎಕ್ಸ್‌ಟಿ4, ಎಕ್ಸ್‌ಎಫ್‌ಎಸ್, ಬಿಟಿಆರ್‌ಎಫ್‌ಎಸ್ ಮೂರೂ ಹೇಗೆ ನಡೆದುಕೊಳ್ಳುತ್ತವೆ ಅಂತ ನೋಡಿದರು. ಮೂರರ ನಡವಳಿಕೆಯೂ ಬೇರೆ ಬೇರೆ. ಅದರ ಮೇಲೆ ನಡೆಯುವ ರೆಡಿಸ್, ಎಲ್‌ಎಂಡಿಬಿ, ಲೆವೆಲ್‌ಡಿಬಿ, ಎಸ್‌ಕ್ಯೂಲೈಟ್, ಪೋಸ್ಟ್‌ಗ್ರೆಸ್ ಐದನ್ನೂ ಪರೀಕ್ಷಿಸಿದರು. ಈ ಐದರ ಯಾವ ಉಪಾಯವೂ ಡೇಟಾ ಹಾಳಾಗದಂತೆ ತಡೆಯಲು ಸಾಕಾಗಲಿಲ್ಲ. ನಿಮ್ಮ ಫೋನಿನ ಎಷ್ಟೋ ಆ್ಯಪ್‌ಗಳ ಡೇಟಾ ಕೂತಿರುವುದು ಎಸ್‌ಕ್ಯೂಲೈಟ್‌ನಲ್ಲೇ.

ಓದುಗರಲ್ಲಿ ಕೋಡ್ ಬರೆಯುವವರಿಗೆ, ಅದರಲ್ಲೂ ಸಹಕಾರ ಸಂಘ, ಪಂಚಾಯಿತಿ, ಸ್ಥಳೀಯ ಸಂಸ್ಥೆಗಳಿಗೆ ಸಣ್ಣಪುಟ್ಟ ತಂತ್ರಾಂಶ ಮಾಡಿಕೊಡುವವರಿಗೆ ಇದರಿಂದ ಸಿಗುವ ಪಾಠ ಇಷ್ಟು:

- ‘ರೈಟ್’, ‘ಎಫ್‌ಸಿಂಕ್’, ‘ಕ್ಲೋಸ್’ ಮೂರರ ಉತ್ತರವನ್ನೂ ನೋಡಿ. ನೆಟ್‌ವರ್ಕ್ ಮೂಲಕ ಬರುವ ಎನ್‌ಎಫ್‌ಎಸ್‌ನಂಥ ಫೈಲ್ ಸಿಸ್ಟಂಗಳಲ್ಲಿ ‘ಜಾಗ ಸಾಲಲಿಲ್ಲ’ ಅನ್ನೋ ಎರರ್ ಬರುವುದೇ ಕೆಲವೊಮ್ಮೆ ಫೈಲ್ ಮುಚ್ಚುವಾಗ.
- ಎಫ್‌ಸಿಂಕ್ ಒಮ್ಮೆ ವಿಫಲವಾದರೆ ಅದನ್ನೇ ಮತ್ತೆ ಕರೆದು ‘ಯಶಸ್ವಿ’ ಬಂತು ಅಂತ ಸಮಾಧಾನಪಡಬೇಡಿ. ಡೇಟಾವನ್ನು ಲಾಗ್‌ನಿಂದ ಅಥವಾ ಮೂಲದಿಂದ ಮತ್ತೆ ಬರೆಯಿರಿ.
- ಮುಖ್ಯ ಫೈಲನ್ನು ನೇರವಾಗಿ ತಿದ್ದಬೇಡಿ. ತಾತ್ಕಾಲಿಕ ಫೈಲಿಗೆ ಬರೆದು, ಎಫ್‌ಸಿಂಕ್ ಮಾಡಿ, ಹೆಸರು ಬದಲಿಸಿ, ಆಮೇಲೆ ಆ ಡೈರೆಕ್ಟರಿಯನ್ನೂ ಎಫ್‌ಸಿಂಕ್ ಮಾಡಿ.
- ಡಿಸ್ಕ್ ಕೈಕೊಟ್ಟಂತೆ ನಟಿಸುವ ಸಾಧನಗಳು ಲಿನಕ್ಸ್‌ನಲ್ಲೇ ಉಚಿತವಾಗಿವೆ. ‘ಡಿಎಂ-ಫ್ಲೇಕಿ’ ಅಂಥದ್ದೊಂದು. ಎಲ್ಲಾ ಸರಿ ಇದ್ದಾಗ ನಿಮ್ಮ ಕೋಡ್ ಹೇಗೆ ಓಡುತ್ತದೆ ಅನ್ನುವುದಷ್ಟೇ ಪರೀಕ್ಷೆ ಆಗಬಾರದು.
- ಎರರ್ ಬಂದರೆ ಯಾವುದೋ ಲಾಗ್ ಫೈಲಿನ ಮೂಲೆಯಲ್ಲಿ ಬರೆದು ಕೈತೊಳೆದುಕೊಳ್ಳಬೇಡಿ. ‘ಆಯ್ತು’ ಅಂತ ಯಾರಿಗೆ ಹೇಳಿದ್ದಿರೋ ಅವರಿಗೆ ‘ಆಗಿಲ್ಲ’ ಅಂತ ಮುಟ್ಟಿಸಿ.

ಇದರಲ್ಲಿ ರಾಜಕೀಯ ಎಲ್ಲಿದೆ?

ಈ ಕೊನೆಯ ಸಾಲು ಕೋಡಿನಾಚೆಗೂ ನಿಲ್ಲುತ್ತದೆ. ಕರ್ನಾಟಕ 2000ದ ಹೊತ್ತಿಗೆ ‘ಭೂಮಿ’ ಯೋಜನೆಯನ್ನು ಆರಂಭಿಸಿ, ಸುಮಾರು 67 ಲಕ್ಷ ಹಿಡುವಳಿದಾರರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ನಮ್ಮ ಕಡೆ ಅದನ್ನು ಉತಾರ ಅನ್ನುತ್ತೇವೆ. ಗಣಕೀಕರಣ ಮುಗಿದ ತಾಲ್ಲೂಕುಗಳಲ್ಲಿ ಕೈಬರಹದ ಉತಾರಕ್ಕೆ ಕಾನೂನು ಮಾನ್ಯತೆ ಇಲ್ಲ ಅಂತಾಯಿತು. ತಲಾಟಿಯ ಮನೆಬಾಗಿಲು ಕಾಯುವುದು, ಕೈಬಿಸಿ ಮಾಡುವುದು ಎಷ್ಟೋ ತಪ್ಪಿತು. ಅದು ದೊಡ್ಡ ಬದಲಾವಣೆಯೇ. ಆದರೆ ಅದರೊಂದಿಗೇ ಇನ್ನೊಂದು ಸಂಗತಿಯೂ ಆಯಿತು: ಕಂಪ್ಯೂಟರ್ ಏನು ಹೇಳುತ್ತದೋ ಅದೇ ಸತ್ಯ, ಅದಕ್ಕೆ ಎದುರಾಗಿ ನಿಲ್ಲಬಲ್ಲ ಕಾಗದ ರೈತರ ಕೈಯಲ್ಲಿ ಉಳಿಯಲಿಲ್ಲ.

‘ಭೂಮಿ’ಯಲ್ಲಿ ಈ ಕ್ಯಾಶ್ ದೋಷದಿಂದ ಯಾರದೋ ಹೊಲ ಹೋಯಿತು ಅಂತ ನಾನು ಹೇಳುತ್ತಿಲ್ಲ. ನನ್ನ ಮಾತು ವ್ಯವಸ್ಥೆಯ ಸ್ವಭಾವದ ಬಗ್ಗೆ. ಕ್ಯಾಶ್‌ನಲ್ಲಿ ನಡೆದದ್ದು ಮೂರು ಹಂತದ ಸಂಗತಿ. ಕೆಲಸ ಆಗುವ ಮೊದಲೇ ‘ಆಯ್ತು’ ಅನ್ನೋದು, ವಿಫಲವಾದರೂ ಬಾಕಿ ಪಟ್ಟಿಯಿಂದ ಹೆಸರು ತೆಗೆಯೋದು, ಮತ್ತೆ ಕೇಳಿದವರಿಗೆ ‘ಎಲ್ಲಾ ಸರಿ ಇದೆ’ ಅನ್ನೋದು. ಈ ಮೂರೂ ಸೇರಿದ ಜಾಗವನ್ನು ನೀವು ಯಾವ ಕೌಂಟರ್‌ನಲ್ಲಿ ಬೇಕಾದರೂ ಗುರುತಿಸಬಹುದು. ಗೃಹಲಕ್ಷ್ಮಿಯ 2000 ರೂಪಾಯಿ ಸರ್ಕಾರದ ಕಡೆಯಿಂದ ಹೊರಟಿದೆ, ಆಧಾರ್ ಜೋಡಣೆ ತಪ್ಪಿದ್ದರಿಂದ ಖಾತೆಗೆ ಬಿದ್ದಿಲ್ಲ. ಉದ್ಯೋಗ ಖಾತ್ರಿಯ ಕೂಲಿ ಪಾವತಿ ಬ್ಯಾಂಕಿನಲ್ಲಿ ತಿರಸ್ಕೃತವಾಗಿದೆ. ತಾಂತ್ರಿಕವಾಗಿ ಇವು ಬೇರೆ ಬೇರೆ ಸಮಸ್ಯೆಗಳು. ಆದರೆ ಎರರ್ ಸಂದೇಶ ಯಾವುದೋ ಸರ್ವರ್‌ಗೆ ಮುಟ್ಟಿ, ಆ ಹೆಣ್ಣುಮಗಳಿಗೆ ಮುಟ್ಟದೇ ಇರುವುದು ಎಲ್ಲದರಲ್ಲೂ ಒಂದೇ. “ನಮ್ಮ ಕಡಿಂದ ಹಾಕೇವಿ, ಬ್ಯಾಂಕಿನಾಗ ಕೇಳ್ರಿ” ಅನ್ನುತ್ತಾರೆ. ಬ್ಯಾಂಕಿನವರು ಕಚೇರಿಯಲ್ಲಿ ಕೇಳಿ ಅನ್ನುತ್ತಾರೆ. ಎರರ್ ಹೊತ್ತು ತಿರುಗುವ ಕೆಲಸ ಕೊನೆಗೆ ಬಡವರ ಹೆಗಲಿಗೆ.

ಇಲ್ಲಿ ರನ್ನನ ಕಾಲದ ಇನ್ನೊಂದು ಹೆಸರನ್ನೂ ನೆನೆಯಬೇಕು. ರನ್ನನ ‘ಅಜಿತಪುರಾಣ’ಕ್ಕೆ ಆಶ್ರಯ ಕೊಟ್ಟ ದಾನಚಿಂತಾಮಣಿ ಅತ್ತಿಮಬ್ಬೆ, ಪೊನ್ನನ ‘ಶಾಂತಿಪುರಾಣ’ದ 1000 ಪ್ರತಿಗಳನ್ನು ಬರೆಸಿ ಹಂಚಿದಳು. ತಾಳೆಗರಿಗೆ ಗೆದ್ದಲು ಹಿಡಿಯುತ್ತದೆ, ಬೆಂಕಿ ಬೀಳುತ್ತದೆ ಅನ್ನುವುದು ಆಕೆಗೆ ಗೊತ್ತಿತ್ತು. ದಾಖಲೆ ಒಂದೇ ಕಡೆ, ಒಬ್ಬರದೇ ಕೈಯಲ್ಲಿ ಇದ್ದರೆ ಅದು ಉಳಿಯುವ ಖಾತ್ರಿ ಇಲ್ಲ ಅನ್ನುವ ಲೆಕ್ಕ ಸಾವಿರ ವರ್ಷದ ಹಿಂದೆಯೂ ಇತ್ತು.

ಹಾಗಾದರೆ ನಾವು ಕೇಳಬೇಕಾದದ್ದೇನು? ತಂತ್ರಜ್ಞಾನವೇ ಬೇಡ, ಹಳೆಯ ರಿಜಿಸ್ಟರ್ ತನ್ನಿ ಅಂತ ಅಲ್ಲ. ಯಾವುದೇ ಸರ್ಕಾರಿ ತಂತ್ರಾಂಶದ ಬಗ್ಗೆ, ಯಾವುದೇ ಕಾರ್ಖಾನೆಯ ತೂಕದ ಕಂಪ್ಯೂಟರ್ ಬಗ್ಗೆ ನಾಲ್ಕು ಪ್ರಶ್ನೆಗಳಿವೆ. ‘ಯಶಸ್ವಿ’ ಅಂತ ಪರದೆಯ ಮೇಲೆ ಬರುವಾಗ ನಿಜವಾಗಿ ಏನು ಮುಗಿದಿರುತ್ತದೆ? ಆಮೇಲೆ ತಪ್ಪಾದರೆ ಸುದ್ದಿ ಯಾರಿಗೆ, ಎಷ್ಟು ದಿನದೊಳಗೆ ಹೋಗುತ್ತದೆ? ವಿಫಲವಾದದ್ದು ಬಾಕಿ ಪಟ್ಟಿಯಲ್ಲೇ ಉಳಿಯುತ್ತದೆಯೇ, ಅಳಿದು ಹೋಗುತ್ತದೆಯೇ? ಯಂತ್ರ ಹೇಳಿದ್ದನ್ನು ಪ್ರಶ್ನಿಸಲು ಜನರ ಕೈಯಲ್ಲಿ ಯಾವ ಪ್ರತಿ ಇರುತ್ತದೆ?

ಪೋಸ್ಟ್‌ಗ್ರೆಸ್‌ನ ದೋಷ ಹೊರಗೆ ಬಂದದ್ದು ಅದರ ಕೋಡ್ ಮತ್ತು ಕರ್ನಲ್‌ನ ಕೋಡ್ ಎರಡೂ ಎಲ್ಲರ ಕಣ್ಣ ಮುಂದೆ ಇದ್ದದ್ದರಿಂದ, ಎರಡೂ ತಂಡಗಳು ಬಹಿರಂಗವಾಗಿ ಜಗಳವಾಡಿದ್ದರಿಂದ. ನಮ್ಮ ಉತಾರ, ಕೂಲಿ, ಪಡಿತರವನ್ನು ನಡೆಸುವ ಕೋಡ್ ನಮ್ಮ ತೆರಿಗೆಯ ದುಡ್ಡಿನಲ್ಲಿ ಬರೆದದ್ದು. ಅದನ್ನು ತೆರೆದಿಡಿ, ಎಷ್ಟು ಪಾವತಿ ವಿಫಲವಾಯಿತು, ಎಷ್ಟು ಜನಕ್ಕೆ ಅದನ್ನು ತಿಳಿಸಲಾಯಿತು ಅನ್ನೋ ಲೆಕ್ಕವನ್ನು ತಿಂಗಳಿಗೊಮ್ಮೆ ಪ್ರಕಟಿಸಿ ಅಂತ ಕೇಳುವುದರಲ್ಲಿ ಅತಿಯಾದದ್ದೇನೂ ಇಲ್ಲ. ಕಬ್ಬಿನ ಬಾಕಿಗೆ 14 ದಿನದ ಗಡುವು, ಶೇ.15ರ ಬಡ್ಡಿ ಕಾನೂನಿನಲ್ಲಿ ಬಂದಿದೆ. ಅದೇ ರೀತಿ, ವಿಫಲವಾದ ಪ್ರತಿ ಸರ್ಕಾರಿ ವ್ಯವಹಾರವನ್ನೂ ಸಂಬಂಧಪಟ್ಟವರಿಗೆ ಗೊತ್ತಾದ ದಿನಾಂಕದೊಳಗೆ ತಿಳಿಸಬೇಕು ಅನ್ನುವ ನಿಯಮವನ್ನು ಈ ತಲೆಮಾರು ಬರೆಸಿಕೊಳ್ಳಬೇಕಿದೆ. ಮುಂದಿನ ಗ್ರಾಮಸಭೆಯಲ್ಲಿ, ವಾರ್ಡ್ ಸಭೆಯಲ್ಲಿ ಈ ನಾಲ್ಕರಲ್ಲಿ ಒಂದು ಪ್ರಶ್ನೆಯನ್ನಾದರೂ ಎದ್ದು ನಿಂತು ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಸಿ.